ಬಿಸಿಲಿಗೆ ಬಣ್ಣಗೆಟ್ಟ ಗುಲಾಬಿ: ಗಿಡ ಕೀಳಬೇಡ್ರಿ!

ಡಿಸೆಂಬರ್‌ನಲ್ಲಿ ತಂದಾಗ ಕಡುಗೆಂಪು ಹೂ. ಏಪ್ರಿಲ್ ಬಂತಂದ್ರೆ ಅದೇ ಗಿಡದಲ್ಲಿ ಸಣ್ಣ, ಮಾಸಿದ ಹೂ! ಮಹಾಂತೇಶ ನಗರದ ಬಾಲ್ಕನಿಯಲ್ಲಿ ಕುಂಡ ಇಟ್ಟಿದ್ದರೆ ನೀವೂ ಇದನ್ನು ನೋಡಿರಬಹುದು. ನರ್ಸರಿಯವರು ಮೋಸ ಮಾಡಿದ್ರಾ? ಹಾಗೇನಿಲ್ಲ, ಇದು ಸೆಕೆಯ ಕೆಲಸ.

ಗುಲಾಬಿ ಕೆಂಪಾಗೋದು ಎಸಳಿನಲ್ಲಿರುವ ಆಂಥೋಸಯನಿನ್ ಎಂಬ ಬಣ್ಣದ ಅಂಶದಿಂದ. ತಂಪಿದ್ದಾಗ ಅದು ಚೆನ್ನಾಗಿ ತಯಾರಾಗುತ್ತದೆ. ಸೆಕೆ ಏರಿದಾಗ ಕಡಿಮೆಯಾಗುತ್ತದೆ, ಹೂವೂ ಅವಸರದಲ್ಲಿ ಅರಳಿ ಮುಗಿಯುತ್ತದೆ. ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಚಳಿಗಾಲದ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ 35 ದಾಟುವುದೂ ಉಂಟು. ಎರಡೂ ಕಾಲದ ಹೂ ಒಂದೇ ಬಣ್ಣ ಇರೋದು ಹೇಗೆ?

ಮಣ್ಣಿನ ಹುಳಿ ಹೆಚ್ಚು-ಕಡಿಮೆ ಮಾಡಿದರೆ ಬಣ್ಣ ಬದಲಾಗುವುದು ಹೈಡ್ರೇಂಜಿಯಾದಲ್ಲಿ, ಗುಲಾಬಿಯಲ್ಲಲ್ಲ. ಇನ್ನು ಮಳೆಗಾಲದಲ್ಲಿ ಬಿಳಿ ಎಸಳ ಮೇಲೆ ಕೆಂಪು ಚುಕ್ಕೆ ಕಂಡರೆ ಖುಷಿಪಡಬೇಡಿ, ಅದು ಬೂಷ್ಟು ರೋಗ ಇರಬಹುದು. ಅಂಥ ಹೂ ಕಿತ್ತು ಬಿಸಾಕಿ.

ಹೂವಿನ ಬಣ್ಣದ ಜತೆ ಆಕಾರವೂ ಪೂರ್ತಿ ಬದಲಾಯ್ತಾ? ಹಾಗಾದರೆ ಕಸಿ ಕಟ್ಟಿದ ಜಾಗ ನೋಡಿ. ಅದರ ಕೆಳಗಿಂದ ಎದ್ದ ಚಿಗುರು ನೀವು ಕೊಂಡ ತಳಿಯದಲ್ಲ. ಬುಡದಿಂದಲೇ ತೆಗೆಯಿರಿ, ಬಿಟ್ಟರೆ ಕಸಿ ಗಿಡವನ್ನೇ ನುಂಗಿಬಿಡುತ್ತದೆ.

ಬೇಸಿಗೆಯಲ್ಲಿ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಕಡೆ ಕುಂಡ ಸರಿಸಿ, ಬುಡಕ್ಕೆ ನೀರು ಹಾಕಿ. ಅಕ್ಟೋಬರ್‌ನಲ್ಲಿ ರೆಂಬೆ ಕತ್ತರಿಸಿ ಗೊಬ್ಬರ ಕೊಡಿ. ದೀಪಾವಳಿ ಮುಗಿದು ಚಳಿ ಬಿದ್ದ ಮೇಲೆ ಅರಳುವ ಹೂ ನೋಡಿಯೇ ಗಿಡದ ಬಗ್ಗೆ ತೀರ್ಮಾನಿಸಿ.