ಮನೆಯೋ, ವಿದ್ಯಾರ್ಥಿನಿಲಯವೋ?

ಮಗಳು ಪರೀಕ್ಷೆಯಲ್ಲಿ ಉತ್ತೀರ್ಣಳಾದಳೆಂಬ ಸುದ್ದಿ ಬಂದ ದಿನ ಹಳ್ಳಿಯ ಮನೆಯಲ್ಲಿ ಸಂತೋಷದ ಬೆನ್ನಿಗೇ ಚಿಂತೆಯೊಂದು ಹೊಸಿಲು ದಾಟಿ ಬರುವುದುಂಟು. ಕಾಲೇಜು ಇರುವುದು ಪಟ್ಟಣದಲ್ಲಿ. ದಿನವೂ ಹೋಗಿಬರುವುದೋ, ಅಲ್ಲಿಯೇ ವಿದ್ಯಾರ್ಥಿನಿಲಯದಲ್ಲಿ ಉಳಿಯುವುದೋ? ತಾಯಿಗೆ ಮಗಳನ್ನು ಅಗಲಿರಬೇಕಲ್ಲ ಎಂಬ ಅಳುಕು. ತಂದೆಗೆ ಖರ್ಚಿನ ಯೋಚನೆ. ಈ ಪ್ರಶ್ನೆ ಇತ್ಯರ್ಥವಾಗದೆ ಎಷ್ಟೋ ಮಕ್ಕಳ ಓದು ನಡುವೆಯೇ ನಿಂತುಹೋಗಿದೆ.

ಹಿಂದಿನ ಕಾಲದಲ್ಲಿ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗರಿಗೆ ವಾರಾನ್ನವೇ ಆಧಾರವಾಗಿತ್ತು. ವಾರದ ಏಳು ದಿನಗಳಲ್ಲಿ ಏಳು ಮನೆಗಳಲ್ಲಿ ಊಟ. ಯಾರದೋ ಜಗಲಿಯಲ್ಲಿ ನಿದ್ರೆ. ಆದರೆ ಜಾತಿಯ ಕಟ್ಟುಪಾಡು ಬಿಗಿಯಾಗಿದ್ದ ಆ ಕಾಲದಲ್ಲಿ ಈ ಅನುಕೂಲ ಎಲ್ಲರಿಗೂ ದೊರೆಯುತ್ತಿರಲಿಲ್ಲ. ಹುಡುಗಿಯರಿಗಂತೂ ಅದು ದೂರದ ಮಾತು. ಈ ಕೊರತೆಯನ್ನು ಕಂಡು ಮರುಗಿದ ಮಹನೀಯರು ವಿದ್ಯಾರ್ಥಿನಿಲಯಗಳನ್ನು ತೆರೆದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾವ್ ಅವರು ದಲಿತ ಮಕ್ಕಳಿಗಾಗಿ ಶಾಲೆಗಳನ್ನೂ ವಸತಿಯನ್ನೂ ಏರ್ಪಡಿಸಿದರು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರು ತಮ್ಮ ಸಂಪತ್ತನ್ನು ಧರ್ಮಛತ್ರಕ್ಕೂ ವಿದ್ಯಾರ್ಥಿನಿಲಯಕ್ಕೂ ಮೀಸಲಿಟ್ಟರು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಆ ನಿಲಯದಲ್ಲಿ ಆಶ್ರಯ ಪಡೆದ ಒಬ್ಬ ತರುಣರು ಮುಂದೆ ತುಮಕೂರಿನ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳಾಗಿ, 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ನೀಡಿದರು.

ಇನ್ನು ಲೆಕ್ಕಾಚಾರಕ್ಕೆ ಬರೋಣ. ಮನೆಯಿಂದ ಹೋಗಿಬರಲು ದಿನಕ್ಕೆ 3 ಗಂಟೆ ಹಿಡಿದರೆ, ವಾರದ 6 ದಿನಗಳಲ್ಲಿ 18 ಗಂಟೆಗಳು ದಾರಿಯಲ್ಲಿಯೇ ಕಳೆಯುತ್ತವೆ. ಮನೆಗೆ ಬಂದ ಮೇಲೆ ನೀರು, ಅಡುಗೆ, ದನಕರುಗಳ ಕೆಲಸ ಕಾದಿರುತ್ತದೆ. ಅದರ ಬಹುಭಾಗ ಬೀಳುವುದು ಹೆಣ್ಣುಮಕ್ಕಳ ಮೇಲೆ. ಕರ್ನಾಟಕದಲ್ಲಿ 2023ರ ಜೂನ್ ತಿಂಗಳಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಸೌಲಭ್ಯ ಆರಂಭವಾದುದರಿಂದ ಟಿಕೆಟ್ಟಿನ ಹಣ ಉಳಿಯಿತು. ಆದರೆ ಟಿಕೆಟ್ಟಿನ ಹಣ ಉಳಿದ ಮಾತ್ರಕ್ಕೆ ದಾರಿಯ ಹೊತ್ತು ಉಳಿಯಲಿಲ್ಲ.

ವಿದ್ಯಾರ್ಥಿನಿಲಯದಲ್ಲಿ ಈ ಸಮಯ ಓದಿಗೆ ಒದಗುತ್ತದೆ. ಗ್ರಂಥಾಲಯ ಹತ್ತಿರವಿರುತ್ತದೆ; ತಿಳಿಯದ ಲೆಕ್ಕವನ್ನು ಪಕ್ಕದ ಕೊಠಡಿಯವರಲ್ಲಿ ಕೇಳಬಹುದು. ಹಲವು ಕಾಲೇಜು ನಿಲಯಗಳಲ್ಲಿ ತಿಂಗಳ ಊಟದ ಖರ್ಚನ್ನು ಒಟ್ಟುಗೂಡಿಸಿ ಎಲ್ಲರಿಗೂ ಹಂಚುವ ಪದ್ಧತಿಯುಂಟು. ಪೋಲುಮಾಡಿದ ಅನ್ನದ ಬೆಲೆಯನ್ನು ತಾವೇ ತೆರಬೇಕೆಂಬುದು ಅಲ್ಲಿ ಬೇಗನೆ ಅರಿವಾಗುತ್ತದೆ. ಬೇರೆ ಬೇರೆ ಜಾತಿ, ಜಿಲ್ಲೆಗಳ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಪುಸ್ತಕದಿಂದ ಕಲಿಯಲಾಗದ ಪಾಠ.

ಹಾಗೆಂದು ವಿದ್ಯಾರ್ಥಿನಿಲಯದಲ್ಲಿ ಕುಂದುಗಳಿಲ್ಲವೆಂದಲ್ಲ. ಕಿಕ್ಕಿರಿದ ಕೊಠಡಿ, ರುಚಿಯಿಲ್ಲದ ಸಾರು, ಮನೆಯ ನೆನಪು ಇವೆಲ್ಲ ಮೊದಲ ತಿಂಗಳುಗಳಲ್ಲಿ ಕಾಡುತ್ತವೆ. ಕೇಳುವವರಿಲ್ಲವೆಂಬ ಸ್ವಾತಂತ್ರ್ಯ ಕೆಲವರನ್ನು ದಾರಿ ತಪ್ಪಿಸುತ್ತದೆ. ಹಿರಿಯ ವಿದ್ಯಾರ್ಥಿಗಳು ಕಿರಿಯರನ್ನು ಪೀಡಿಸುವ ರ್‍ಯಾಗಿಂಗ್ ಅಪರಾಧ. ಅದನ್ನು ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ರೂಪಿಸಿತು. ಅಂತಹ ಕಷ್ಟ ಬಂದಾಗ ಮೌನವಾಗಿ ಸಹಿಸದೆ ಹಿರಿಯರಿಗೆ ತಿಳಿಸಬೇಕು.

ಕಾಲೇಜು ಸಮೀಪದಲ್ಲಿದ್ದು, ಮನೆಯಲ್ಲಿ ಓದಲು ಒಂದು ಮೂಲೆಯೂ ಎರಡು ಗಂಟೆಯ ಬಿಡುವೂ ದೊರೆಯುವುದಾದರೆ ಮನೆಯೇ ಮೇಲು. ಕಾಯಿಲೆಯ ತಾಯಿಗೆ ಆಸರೆಯಾಗಬೇಕಾದವರಿಗೂ ಮನೆ ಅನಿವಾರ್ಯವಾಗಬಹುದು. ದಾರಿಯೂ ದುಡಿಮೆಯೂ ಸೇರಿ ಓದನ್ನು ನುಂಗುವಂತಿದ್ದರೆ ವಿದ್ಯಾರ್ಥಿನಿಲಯವೇ ಲೇಸು. ನಿರ್ಧರಿಸುವ ಮುನ್ನ ತಂದೆತಾಯಿಗಳೊಡನೆ ನಿಲಯಕ್ಕೆ ಹೋಗಿ ನೀರು, ಶೌಚಾಲಯ, ಕಾವಲು, ಊಟಗಳನ್ನು ಕಣ್ಣಾರೆ ಕಾಣಬೇಕು. ಖರ್ಚನ್ನು ಕಾಗದದ ಮೇಲೆ ಬರೆದು ನೋಡಬೇಕು.

ಮನೆಯನ್ನು ಬಿಟ್ಟು ಓದುವುದೆಂದರೆ ಮನೆಯನ್ನು ಮರೆಯುವುದಲ್ಲ. ವಾರಕ್ಕೊಮ್ಮೆ ಕ್ಷೇಮಸಮಾಚಾರ ತಿಳಿಸುವ, ರಜೆಯಲ್ಲಿ ಬಂದು ಹೊಲದ ಕೆಲಸಕ್ಕೆ ಕೈಜೋಡಿಸುವ ಮಗಳು ಎಲ್ಲಿದ್ದರೂ ಮನೆಯವಳೇ. ಎಲ್ಲಿ ಇರುವುದೆಂಬ ಪ್ರಶ್ನೆಗೆ ಉತ್ತರ ಯಾವುದೇ ಆಗಲಿ, ಅದರಿಂದ ಓದು ನಿಲ್ಲಬಾರದು.