ಎಲೆಕ್ಟ್ರಾನ್ ಬುಗುರಿ: ಹಿಡಿದಿಡೋ ರೇಡಿಯೋ ಅಲೆಯೇ ಬೀಳಿಸೋದು ಹೇಗೆ?

ಯಾವ ಗೋಡೆಗೂ ತಾಕದ ಹಾಗೆ ಒಂದು ವಸ್ತುವನ್ನು ಗಂಟೆಗಟ್ಟಲೆ ಹಿಡಿದಿಡಬೇಕು ಅಂದ್ರೆ ಏನು ಮಾಡ್ತೀರಿ? ಇವತ್ತಿನ ವಿಷಯ ಅದೇ. ಆ ವಸ್ತುವಿನ ಹೆಸರು ಎಲೆಕ್ಟ್ರಾನ್ ಪ್ಲಾಸ್ಮಾ.

ಸೂರ್ಯನಲ್ಲಿ, ಮಿಂಚಿನಲ್ಲಿ ಇರೋ ಪ್ಲಾಸ್ಮಾದಲ್ಲಿ ಧನ, ಋಣ ಎರಡೂ ವಿದ್ಯುದಂಶ ಬೆರೆತಿರುತ್ತೆ. ನಾನು ಹೇಳ್ತಿರೋದು ಬರೀ ಎಲೆಕ್ಟ್ರಾನ್‌ಗಳ ಗುಂಪು. ಎಲ್ಲವೂ ಋಣ, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಆದರೂ 1975ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಾಲ್ಮ್‌ಬರ್ಗ್ ಮತ್ತು ಡಿಗ್ರಾಸಿ ಇಂಥ ಪ್ಲಾಸ್ಮಾವನ್ನು ಹಿಡಿದಿಟ್ಟು ತೋರಿಸಿದರು. ಉಪಾಯ ಸರಳ. ಲೋಹದ ಕೊಳವೆಗಳನ್ನು ಸಾಲಾಗಿ ಜೋಡಿಸಿ, ಒಳಗಿನ ಗಾಳಿಯನ್ನೆಲ್ಲ ಎಳೆದು ನಿರ್ವಾತ ಮಾಡಬೇಕು. ಕೊಳವೆಯ ಉದ್ದಕ್ಕೂ ಕಾಂತಕ್ಷೇತ್ರ ಕೊಡಬೇಕು. ಎರಡು ತುದಿಗೂ ಋಣ ವೋಲ್ಟೇಜ್ ಕೊಟ್ಟರೆ ಎಲೆಕ್ಟ್ರಾನ್‌ಗಳು ಅಲ್ಲಿಂದ ವಾಪಸ್ ಬರ್ತವೆ. ಪಕ್ಕಕ್ಕೆ ಹೋಗೋಣ ಅಂದ್ರೆ ಕಾಂತಕ್ಷೇತ್ರ ಸುತ್ತಿಸಿ ತಡೆಯುತ್ತೆ. ಇದಕ್ಕೆ ಪೆನ್ನಿಂಗ್–ಮಾಲ್ಮ್‌ಬರ್ಗ್ ಟ್ರ್ಯಾಪ್ ಅಂತಾರೆ.

ಒಳಗೆ ಸಿಕ್ಕ ಎಲೆಕ್ಟ್ರಾನ್‌ಗಳು ಒಂದು ಕಂಬದ ಆಕಾರ ತಾಳಿ, ಬುಗುರಿ ಥರ ತಮ್ಮ ಸುತ್ತ ತಾವೇ ತಿರುಗ್ತವೆ. ಆದರೆ ಯಂತ್ರ ಎಷ್ಟೇ ನಾಜೂಕಾಗಿದ್ದರೂ ಸಣ್ಣಪುಟ್ಟ ಓರೆಕೋರೆ ಇದ್ದೇ ಇರುತ್ತೆ. ಅದು ತಿರುಗೋ ಕಂಬಕ್ಕೆ ಬ್ರೇಕ್ ಹಾಕಿದ ಹಾಗೆ. ಕಂಬ ನಿಧಾನಕ್ಕೆ ಊದಿಕೊಂಡು ಗೋಡೆಯ ಕಡೆ ಹೋಗುತ್ತೆ.

ಇಲ್ಲಿ ರೇಡಿಯೋ ಫ್ರೀಕ್ವೆನ್ಸಿ, ಅಂದ್ರೆ ಆರ್‌ಎಫ್, ನೆರವಿಗೆ ಬರುತ್ತೆ. ಕೊಳವೆಯ ಒಂದು ತುಂಡನ್ನು ಕಿತ್ತಳೆ ತೊಳೆಗಳ ಹಾಗೆ ಉದ್ದುದ್ದಕ್ಕೆ ಸೀಳಿ, ಒಂದೊಂದು ತೊಳೆಗೂ ಸ್ವಲ್ಪ ಸ್ವಲ್ಪ ತಡವಾಗಿ ವೋಲ್ಟೇಜ್ ಏರಿಳಿಸಿದರೆ, ಗೋಡೆಯೇ ತಿರುಗುತ್ತಿರೋ ಹಾಗಾಗುತ್ತೆ. ಅದು ಪ್ಲಾಸ್ಮಾಗಿಂತ ಜೋರಾಗಿ ತಿರುಗಿದರೆ ಕಂಬಕ್ಕೂ ತಿರುಗುಬಲ ಸಿಗುತ್ತೆ. ಊದಿದ್ದು ಮತ್ತೆ ಸಣ್ಣಗಾಗುತ್ತೆ. ಈ ತಂತ್ರದ ಹೆಸರು ರೊಟೇಟಿಂಗ್ ವಾಲ್.

ಇಷ್ಟೇ ಆಗಿದ್ದರೆ ಕಥೆ ಮುಗೀತಿತ್ತು. ಆದರೆ ಆರ್‌ಎಫ್ ಬರೀ ತಿರುಗಿಸಲ್ಲ, ಬಿಸಿನೂ ಮಾಡುತ್ತೆ. ಬಿಸಿಯಾದ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಶಾಖವನ್ನು ತಾವೇ ಹೊರಹಾಕ್ತವೆ. 1 ಟೆಸ್ಲಾ ಕ್ಷೇತ್ರದಲ್ಲಿ ಇದಕ್ಕೆ ಕೆಲವೇ ಸೆಕೆಂಡು ಸಾಕು. ಕ್ಷೇತ್ರ ಐದರಲ್ಲಿ ಒಂದು ಪಾಲಿಗೆ ಇಳಿದರೆ ತಣಿಯೋದು 25 ಪಟ್ಟು ನಿಧಾನ. ಅಷ್ಟರಲ್ಲಿ ಅನಾಹುತ ಶುರುವಾಗಿರುತ್ತೆ.

ಯಾಕಂದ್ರೆ ನಿರ್ವಾತ ಅಂದ್ರೂ ಒಳಗೆ ಸ್ವಲ್ಪ ಅನಿಲ ಉಳಿದಿರುತ್ತೆ, ಹೆಚ್ಚಾಗಿ ಹೈಡ್ರೋಜನ್. ಎಲೆಕ್ಟ್ರಾನ್ ಶಕ್ತಿ ಸುಮಾರು 15.4 ಎಲೆಕ್ಟ್ರಾನ್‌ವೋಲ್ಟ್ ದಾಟಿದರೆ ಹೈಡ್ರೋಜನ್ ಅಣುವಿನಿಂದ ಇನ್ನೊಂದು ಎಲೆಕ್ಟ್ರಾನ್ ಕಿತ್ತು ಹಾಕಬಹುದು. ಇಟಲಿಯ ಮಿಲಾನ್ ವಿಶ್ವವಿದ್ಯಾಲಯದ ಎಲ್‌ಟ್ರ್ಯಾಪ್ ಸಾಧನದಲ್ಲಿ ವಿಜ್ಞಾನಿಗಳು ಇದನ್ನೇ ಬಳಸಿಕೊಂಡರು. ಕೆಲವೇ ವೋಲ್ಟ್‌ಗಳ ಆರ್‌ಎಫ್ ಕೊಟ್ಟು, ಬೇರೆ ಎಲೆಕ್ಟ್ರಾನ್ ಮೂಲವೇ ಇಲ್ಲದೆ, ಉಳಿದ ಅನಿಲದಿಂದಲೇ ಎಲೆಕ್ಟ್ರಾನ್ ಪ್ಲಾಸ್ಮಾ ಹುಟ್ಟಿಸಿದರು.

ಆದರೆ ಎಲೆಕ್ಟ್ರಾನ್ ಕಿತ್ತಾಗಲೆಲ್ಲ ಅದರ ಜೊತೆ ಒಂದು ಧನ ಅಯಾನೂ ಹುಟ್ಟುತ್ತೆ. ತುದಿಯ ಋಣ ವೋಲ್ಟೇಜ್ ಅದನ್ನು ಹೊರಗೆಳೆಯುತ್ತೆ, ನಿಜ. ಆದರೆ ಎಲೆಕ್ಟ್ರಾನ್‌ಗಿಂತ ಸಾವಿರಾರು ಪಟ್ಟು ಭಾರದ ಈ ಅತಿಥಿ ಕಂಬದ ಜೊತೆ ಹೆಜ್ಜೆ ಹಾಕಲ್ಲ. ಹೋಗೋ ದಾರಿಯಲ್ಲಿ ಕಂಬವನ್ನು ಒಂದಿಷ್ಟು ಎಳೆದೇ ಹೋಗುತ್ತೆ. ಕಂಬ ಮಧ್ಯದಿಂದ ಸರಿದು, ಕೊಳವೆಯೊಳಗೆ ದೊಡ್ಡ ಸುತ್ತು ಹೊಡೆಯೋಕೆ ಶುರುಮಾಡುತ್ತೆ. ಇದೇ ಡಯೋಕೋಟ್ರಾನ್ ಚಲನೆ. ಸುತ್ತು ಹಿಗ್ಗುತ್ತಾ ಹೋದರೆ ಅದೇ ಅಸ್ಥಿರತೆ. ಕೊನೆಗೆ ಎಲೆಕ್ಟ್ರಾನ್‌ಗಳು ಗೋಡೆ ಪಾಲು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಬುಗುರಿ ಆಡಿದ್ದೀರಲ್ವಾ? ಮೊದಲು ನೆಟ್ಟಗೆ ನಿಂತು ಗಿರ್ರ್ ಅನ್ನುತ್ತೆ. ಉಜ್ಜಾಟದಲ್ಲಿ ಶಕ್ತಿ ಕಳೆದ ಹಾಗೆ ಓಲಾಟ ಜಾಸ್ತಿಯಾಗಿ ಬಿದ್ದುಹೋಗುತ್ತೆ. ಜೋಕಾಲಿ ಹಾಗಲ್ಲ. ಶಕ್ತಿ ಕಳೆದರೆ ಸುಮ್ಮನೆ ನಿಲ್ಲುತ್ತೆ. ಎಲೆಕ್ಟ್ರಾನ್ ಕಂಬ ಬುಗುರಿಯ ಜಾತಿ. ಲೋಹದ ಗೋಡೆ ಅದನ್ನು ತನ್ನ ಕಡೆ ಸೆಳೀತಿರುತ್ತೆ, ಹಾಗಾಗಿ ಗೋಡೆಗೆ ಹತ್ತಿರವಾದಷ್ಟೂ ಕಂಬದ ಶಕ್ತಿ ಕಡಿಮೆ. ಶಕ್ತಿ ಸೋರಿದರೆ ಅಲೆದಾಟ ಬೆಳೆಯುತ್ತೆ! ಗೋಡೆಗೆ ಒಂದು ರೆಸಿಸ್ಟರ್ ಸಿಕ್ಕಿಸಿದರೂ ಸಾಕು, ಅದು ಶಕ್ತಿ ಹೀರಿ ಅಸ್ಥಿರತೆ ಹುಟ್ಟಿಸುತ್ತೆ ಅಂತ 1982ರಲ್ಲೇ ಪ್ರಯೋಗದಲ್ಲಿ ಗೊತ್ತಾಗಿತ್ತು.

ಹಾಗಾದ್ರೆ ಮದ್ದೇನು? ಶಕ್ತಿ ಕೊಡೋದು. ಅಲೆದಾಡೋ ಕಂಬ ಗೋಡೆಯ ತೊಳೆಗಳಲ್ಲಿ ಒಂದು ಸಣ್ಣ ಸಿಗ್ನಲ್ ಮೂಡಿಸುತ್ತೆ. ಅದನ್ನು ಆಂಪ್ಲಿಫೈ ಮಾಡಿ, ಸರಿಯಾದ ಗಳಿಗೆಗೆ ವಾಪಸ್ ಕೊಟ್ಟರೆ ಕಂಬ ಮಧ್ಯಕ್ಕೆ ಬರುತ್ತೆ. ಗಳಿಗೆ ತಪ್ಪಿದರೆ ಅದೇ ಸಿಗ್ನಲ್ ಕಂಬವನ್ನು ಹೊರಕ್ಕೆ ತಳ್ಳುತ್ತೆ.

ಇದೆಲ್ಲ ಯಾಕೆ ಬೇಕು ಅಂತೀರಾ? ಸ್ವಿಟ್ಜರ್ಲೆಂಡ್‌ನ ಸರ್ನ್‌ನಲ್ಲಿ ಆಲ್ಫಾ ತಂಡ 2010ರಲ್ಲಿ 38 ಪ್ರತಿಹೈಡ್ರೋಜನ್ ಪರಮಾಣುಗಳನ್ನು ಹಿಡಿದಿತ್ತು. ಅದಕ್ಕೆ ಬೇಕಾದ ಪಾಸಿಟ್ರಾನ್‌ಗಳೂ ಇಂಥದ್ದೇ ಒಂಟಿ ವಿದ್ಯುದಂಶದ ಪ್ಲಾಸ್ಮಾ. ಪ್ರತಿಪ್ರೋಟಾನ್‌ಗಳನ್ನು ತಣಿಸೋದು ಎಲೆಕ್ಟ್ರಾನ್‌ಗಳೇ. ಆ ಪರಮಾಣು ಹಿಡಿಯೋ ಬಲೆಯ ಆಳ ಎಷ್ಟು ಗೊತ್ತಾ? ಬರೀ ಅರ್ಧ ಕೆಲ್ವಿನ್. ಪ್ಲಾಸ್ಮಾ ಸ್ವಲ್ಪ ಬಿಸಿಯಾದರೆ, ಹುಟ್ಟಿದ ಪರಮಾಣು ಹಾರಿಹೋಗುತ್ತೆ. ಪ್ರತಿದ್ರವ್ಯವೂ ಕೆಳಕ್ಕೇ ಬೀಳುತ್ತೆ ಅಂತ 2023ರಲ್ಲಿ ಅದೇ ತಂಡ ತೋರಿಸಿತಲ್ಲ, ಅದರ ಹಿಂದೆ ಪ್ಲಾಸ್ಮಾವನ್ನು ಹೀಗೆ ಹದದಲ್ಲಿಡೋ ದಶಕಗಳ ಕೆಲಸ ಇದೆ.

ಆರ್‌ಎಫ್ ಕಡಿಮೆಯಾದರೆ ಪ್ಲಾಸ್ಮಾ ಊದುತ್ತೆ, ಜಾಸ್ತಿಯಾದರೆ ಕುದಿಯುತ್ತೆ. ಇವೆರಡರ ನಡುವಿನ ಸಣ್ಣ ಜಾಗದಲ್ಲೇ ಪ್ರಯೋಗ ನಡೀಬೇಕು. ಪ್ರಶ್ನೆ ಇದ್ದರೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಸಿಗೋಣ.