ಗೊರಸಿನ ಬೇನೆ ಮತ್ತು ದೀರ್ಘಶುಶ್ರೂಷೆ

ನಮ್ಮ ಪೂರ್ವಿಕರು ಅಶ್ವಚಿಕಿತ್ಸೆಯನ್ನು ಒಂದು ಶಾಸ್ತ್ರವೆಂದೇ ಪರಿಗಣಿಸಿದ್ದರು. ಸಂಸ್ಕೃತದಲ್ಲಿ ಶಾಲಿಹೋತ್ರಮುನಿಯ ಹೆಸರು ಈ ಶಾಸ್ತ್ರಕ್ಕೇ ಪರ್ಯಾಯವಾಗಿ ನಿಂತಿದೆ. ಕನ್ನಡದಲ್ಲಿ ಸುಮಾರು 1400ರಲ್ಲಿದ್ದ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ರಚಿಸಿದನು. ಕುದುರೆಯ ಬಲವಿರುವುದು ಕಾಲಿನಲ್ಲಿ, ಕಾಲಿನ ಬಲವಿರುವುದು ಗೊರಸಿನಲ್ಲಿ. ಆ ಗೊರಸಿನಲ್ಲಿಯೇ ಬೇನೆಯು ನೆಲೆನಿಂತಾಗ ಮಾಡಬೇಕಾದ ಆರೈಕೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗಿದೆ.

ಗೊರಸು ಹೊರಗೆ ಕಲ್ಲಿನಂತೆ ಕಂಡರೂ ಒಳಗೆ ಜೀವಂತವಾದ ಅಂಗ. ಎರಡು ಗ್ರಂಥಗಳ ಹಾಳೆಗಳನ್ನು ಒಂದರೊಳಗೊಂದು ಸೇರಿಸಿಟ್ಟಂತೆ, ಗೊರಸಿನ ಗೋಡೆಯ ಒಳಪದರಗಳೂ ಪಾದದ ಕೊನೆಯ ಮೂಳೆಯನ್ನು ಆವರಿಸಿದ ಪದರಗಳೂ ಪರಸ್ಪರ ಹೆಣೆದುಕೊಂಡಿವೆ. ಶರೀರದ ಭಾರವು ಈ ಹೆಣಿಗೆಯನ್ನೇ ಆಶ್ರಯಿಸಿದೆ. ಇದು ಸಡಿಲವಾಗುವ ರೋಗವನ್ನು ಪಶುವೈದ್ಯರು ಲ್ಯಾಮಿನೈಟಿಸ್ ಎನ್ನುತ್ತಾರೆ. ರೋಗವು ಬಲಿತರೆ ಮೂಳೆಯು ತಿರುಗಿ ಅಥವಾ ಕುಸಿದು ಅಂಗಾಲನ್ನು ಒತ್ತುತ್ತದೆ. ಆಗಲೂ ಕುದುರೆಯು ಕೂಗುವುದು ವಿರಳ. ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಹಿಂಗಾಲುಗಳ ಮೇಲೆ ಭಾರವಿಟ್ಟು ಸುಮ್ಮನೆ ನಿಲ್ಲುತ್ತದೆ. ಈ ಮೌನವನ್ನು ಓದಬಲ್ಲವನೇ ಅದರ ನಿಜವಾದ ಪಾಲಕನು.

ಈ ರೋಗಕ್ಕೆ ಕಾರಣಗಳು ಹಲವಾದರೂ, ರಕ್ತದಲ್ಲಿ ಇನ್ಸುಲಿನ್ ಮಿತಿಮೀರುವುದೇ ಬಹಳ ಸಂದರ್ಭಗಳಲ್ಲಿ ಮೂಲವೆಂದು ಈಗ ತಿಳಿದುಬಂದಿದೆ. ಸ್ಥೂಲವಾದ ಕುದುರೆಗೆ ಅಕ್ಕರೆಯಿಂದ ಇಡುವ ಧಾನ್ಯ, ಬೆಲ್ಲ, ಸೊಂಪಾದ ಹಸಿರುಹುಲ್ಲುಗಳೇ ಅದರ ಕಾಲನ್ನು ಕೆಡಿಸಬಲ್ಲವು. ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದುದರಿಂದ ಚಿಕಿತ್ಸೆಯ ಮೊದಲ ಹೆಜ್ಜೆ ಮೇವಿನ ಗೋದಲಿಯಲ್ಲಿದೆ. ಧಾನ್ಯವನ್ನು ನಿಲ್ಲಿಸಿ, ಒಣಹುಲ್ಲನ್ನು ನೀರಿನಲ್ಲಿ ನೆನೆಸಿ, ಸಕ್ಕರೆಯಂಶವು ಕರಗಿದ ಆ ನೀರನ್ನು ಚೆಲ್ಲಿ ತಿನ್ನಿಸಬೇಕು. 400 ಕಿಲೋ ತೂಕದ ಕುದುರೆಗೆ ದಿನಕ್ಕೆ ಸುಮಾರು 6 ಕಿಲೋ ಒಣಹುಲ್ಲನ್ನು ತೂಗಿ ಕೊಡುವುದುಂಟು. ಹಾಗೆಂದು ಉಪವಾಸ ಕೆಡಹುವುದು ಅಪಾಯಕರ. ಮುದಿ ಕುದುರೆಗಳಲ್ಲಿ ಪಿಟ್ಯುಟರಿ ಗ್ರಂಥಿಯ ವಿಕಾರವೂ ಕಾರಣವಾಗಬಹುದು. ಅದಕ್ಕೆ ವೈದ್ಯರು ಸೂಚಿಸುವ ಪರ್ಗೊಲೈಡ್ ಔಷಧವನ್ನು ಜೀವನಪರ್ಯಂತ ಕೊಡಬೇಕಾಗುತ್ತದೆ.

ಎರಡನೆಯದು ಗೊರಸಿನ ಸಂಸ್ಕಾರ. ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರಿನಷ್ಟು ಮಾತ್ರ ಬೆಳೆಯುವುದರಿಂದ, ಮುಂಭಾಗದ ಗೋಡೆಯು ಪೂರ್ಣವಾಗಿ ಹೊಸದಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. 4ರಿಂದ 6 ವಾರಗಳಿಗೊಮ್ಮೆ, ಎಕ್ಸ್‌ರೇ ಚಿತ್ರದಲ್ಲಿ ಮೂಳೆಯ ಸ್ಥಿತಿಯನ್ನು ನೋಡಿಕೊಂಡು, ಪಶುವೈದ್ಯನೂ ಲಾಳ ಕಟ್ಟುವವನೂ ಕೂಡಿ ಯೋಚಿಸಿ ಗೊರಸನ್ನು ಕೆತ್ತಬೇಕು. ಲಾಯದಲ್ಲಿ ದಪ್ಪನೆಯ ಮೆತ್ತೆಯಿರಬೇಕು. ನೋವುನಿವಾರಕವನ್ನು ವೈದ್ಯರು ಹೇಳಿದಷ್ಟೇ ಕೊಡಬೇಕು; ನೋವು ತಗ್ಗಿದೊಡನೆ ಓಡಿಸಲಾಗದು.

ಆರೈಕೆಗೂ ಒಂದು ಎಲ್ಲೆಯುಂಟು. 2006ರ ಮೇ ತಿಂಗಳಲ್ಲಿ ಅಮೆರಿಕದ ಬಾರ್ಬರೋ ಎಂಬ ಪ್ರಸಿದ್ಧ ಪಂದ್ಯದ ಕುದುರೆಯ ಬಲ ಹಿಂಗಾಲು ಓಟದಲ್ಲಿ ಮುರಿಯಿತು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವೈದ್ಯರು ಮೂಳೆಯನ್ನು ಕೂಡಿಸಿದರು. ಆದರೆ ಭಾರವನ್ನು ಹೊತ್ತ ಎಡ ಹಿಂಗಾಲಿಗೆ ಜುಲೈಯಲ್ಲಿ ಈ ರೋಗ ತಗುಲಿತು. ಮುಂದೆ ಮುಂಗಾಲುಗಳಿಗೂ ಹಬ್ಬಿತು. ಎಂಟು ತಿಂಗಳ ಶುಶ್ರೂಷೆಯ ಬಳಿಕ, 2007ರ ಜನವರಿ 29ರಂದು ಅದಕ್ಕೆ ದಯಾಮರಣವನ್ನು ಕರುಣಿಸಬೇಕಾಯಿತು. ನಿಲ್ಲಲೂ ಆಗದ ಪ್ರಾಣಿಯನ್ನು ನಮ್ಮ ಸಮಾಧಾನಕ್ಕಾಗಿ ನಿಲ್ಲಿಸಿಟ್ಟುಕೊಳ್ಳುವುದು ದಯೆಯಲ್ಲ.

ಆದರೆ ಮೊದಲೇ ಗುರುತಿಸಿದಲ್ಲಿ ಎಷ್ಟೋ ಕುದುರೆಗಳು ಪಂದ್ಯಕ್ಕಲ್ಲದಿದ್ದರೂ ನೆಮ್ಮದಿಯ ಬಾಳಿಗೆ ಮರಳುತ್ತವೆ. ಅದಕ್ಕೆ ಬೇಕಾದುದು ಅಪೂರ್ವ ಔಷಧಕ್ಕಿಂತ ಹೆಚ್ಚಾಗಿ ತೂಗಿದ ಮೇವು, ತಪ್ಪದ ದಿನಚರಿ, ವರ್ಷವಿಡೀ ಬತ್ತದ ಸಹನೆ. ಬೆನ್ನ ಮೇಲೆ ನಮ್ಮನ್ನು ಹೊತ್ತ ಜೀವಕ್ಕೆ ಇಷ್ಟನ್ನಾದರೂ ಸಲ್ಲಿಸುವುದು ನಮ್ಮ ಋಣ.